ಜೋಡಿಗಾಜಿನ ಕಿಟಕಿ, ಬಾಗಿಲು: ಹಿಡಿ ಸುಮ್ಮನೆ ತಿರುಗುತ್ತದೆ, ಲಾಕ್ ಮಧ್ಯಾಹ್ನ ಬೀಳುವುದಿಲ್ಲ. ಎಲ್ಲವನ್ನೂ ಬದಲಿಸಲೇಬೇಕೇ?

ಕೋಡಿಬಾಗ ನಿವಾಸಿ

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆಗೆ ಮುಖ ಮಾಡಿರುವ ಮನೆ ನಮ್ಮದು. ಹೆದ್ದಾರಿಯ ಲಾರಿಗಳ ಸದ್ದಿಗೂ ಆಷಾಢದ ಗಾಳಿಮಳೆಗೂ ತಡೆಯಾಗಲಿ ಎಂದು ಏಳು ವರ್ಷಗಳ ಹಿಂದೆ ಮಲಗುವ ಕೋಣೆಗೂ ಹಾಲ್‌ಗೂ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಜೋಡಿಗಾಜಿನ ಕಿಟಕಿಗಳನ್ನು, ಪಡುವಣ ಬಾಲ್ಕನಿಗೆ ಅದೇ ಬಗೆಯ ಬಾಗಿಲನ್ನು ಹಾಕಿಸಿದ್ದೆವು. ಈಗ ಮೂರು ತೊಂದರೆಗಳು ಒಟ್ಟಿಗೇ ಎದ್ದಿವೆ. ಅಮ್ಮ ಮಲಗುವ ಕೋಣೆಯ ಕಿಟಕಿಯ ಹಿಡಿ ಯಾವ ತಡೆಯೂ ಇಲ್ಲದೆ ಸುತ್ತ ತಿರುಗುತ್ತದೆ, ಕಿಟಕಿ ಮಾತ್ರ ಮುಚ್ಚಿಕೊಂಡೇ ಉಳಿದಿದೆ. ಹಾಲ್‌ನ ಕಿಟಕಿಯ ಕದ ಒಂದು ಮೂಲೆಗೆ ಜೋತುಬಿದ್ದು ಕೆಳ ಚೌಕಟ್ಟನ್ನು ಉಜ್ಜುತ್ತದೆ. ಬಾಲ್ಕನಿ ಬಾಗಿಲಿನ ಲಾಕ್ ಬೆಳಿಗ್ಗೆ ಸಲೀಸಾಗಿ ಬೀಳುತ್ತದೆ, ಮಧ್ಯಾಹ್ನ ಎರಡು ಗಂಟೆಯ ನಂತರ ಕೀಲಿ ತಿರುಗುವುದೇ ಇಲ್ಲ. ನೋಡಲು ಬಂದ ಒಬ್ಬರು ಹತ್ತು ನಿಮಿಷವೂ ನಿಲ್ಲದೆ, ಬಿಡಿಭಾಗಗಳು ಸಿಗುವುದಿಲ್ಲ, ಮೂರನ್ನೂ ಚೌಕಟ್ಟಿನ ಸಮೇತ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳಿ ಹೋದರು. ಗಾಜು ಚೆನ್ನಾಗಿದೆ, ಚೌಕಟ್ಟಿನಲ್ಲಿ ಬಿರುಕಿಲ್ಲ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ. ಮಳೆ ಹಿಡಿಯುವ ಮೊದಲು ಅಮ್ಮನ ಕೋಣೆಗೆ ಗಾಳಿ ಆಡುವಂತಾಗಬೇಕು.

ಕುಮಟಾ ಫಿಟ್ಟರ್

ಭಟ್ಕಳದಿಂದ ಕಾರವಾರದವರೆಗೆ ಇದೇ ಕೆಲಸ ಮಾಡಿಕೊಂಡು ಬಂದವನು ನಾನು. ಗಾಜು ಒಡೆಯದೆ, ಚೌಕಟ್ಟು ಬಿರಿಯದೆ ಇರುವಾಗ ಹಿಡಿ, ಲಾಕ್, ಬಿಜಾಗರಿಗಳ ದೋಷಕ್ಕಾಗಿ ಪೂರ್ತಿ ಕಿಟಕಿಯನ್ನು ಕಿತ್ತು ಹಾಕಬೇಕಾದ ಸಂದರ್ಭ ತೀರ ಅಪರೂಪ. ಇವೆಲ್ಲ ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಭಾಗಗಳು, ಹೆಚ್ಚಿನವು ಪ್ರಮಾಣಿತ ಅಳತೆಗಳಲ್ಲೇ ಬರುತ್ತವೆ.

ಯಾವ ಭಾಗಕ್ಕೂ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಬಾಲ್ಕನಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಕದ ಎಲ್ಲಿಗೂ ತಾಗದಂತೆ ಹಿಡಿದುಕೊಂಡು, ಹಿಡಿಯನ್ನು ಮೇಲಕ್ಕೆತ್ತಿ ಕೀಲಿ ತಿರುಗಿಸಿ. ಇದನ್ನು ಲಾಕ್ ಕೈಕೊಡುವ ಮಧ್ಯಾಹ್ನದ ಹೊತ್ತಿನಲ್ಲೇ ಮಾಡಬೇಕು. ಕದ ತೆರೆದಿದ್ದಾಗ ಕೊಕ್ಕೆಗಳು, ಅಗಳಿ ಎಲ್ಲವೂ ಬೆಣ್ಣೆಯಂತೆ ಹೊರಬಂದು ಒಳಹೋದರೆ ಲಾಕ್ ಆರೋಗ್ಯವಾಗಿದೆ ಎಂದೇ ಅರ್ಥ. ದೋಷ ಬಿಜಾಗರಿಯಲ್ಲೋ, ಚೌಕಟ್ಟಿನ ಮೇಲೆ ಕೊಕ್ಕೆ ಕೂರುವ ತಗಡಿನ ಕೀಪ್‌ಗಳಲ್ಲೋ ಇರುತ್ತದೆ. ತೆರೆದಿದ್ದಾಗಲೂ ಬಿಗಿ ಎನಿಸಿದರೆ ಮಾತ್ರ ಲಾಕಿನ ಒಳಗಿನ ಗೇರ್‌ಬಾಕ್ಸನ್ನು ಅನುಮಾನಿಸಬೇಕು. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಲಾಕ್ ಬದಲಿಸಿಕೊಂಡು, ಹೊಸ ಲಾಕೂ ಎರಡೇ ತಿಂಗಳಲ್ಲಿ ಮುರಿದು, ನಂತರ ನಮ್ಮನ್ನು ಕರೆದವರ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜೋತುಬಿದ್ದ ಕದವನ್ನು ಬಲವಂತವಾಗಿ ಲಾಕ್ ಮಾಡುತ್ತ ಹೋದರೆ ಆ ಬಲವೆಲ್ಲ ಗೇರ್‌ಬಾಕ್ಸಿನ ಸಣ್ಣ ಹಲ್ಲುಗಳ ಮೇಲೆ ಬೀಳುತ್ತದೆ. ಕೊನೆಗೆ ಮುರಿಯುವುದು ಲಾಕ್ ಆದರೂ ಮೂಲ ದೋಷ ಬಿಜಾಗರಿಯದು.

ಶಿರಸಿ ಮಲೆನಾಡಿಗ

ಫಿಟ್ಟರ್ ಅವರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಮ್ಮ ಮನೆ ಶಿರಸಿಯ ಹೊರಗೆ ಅಡಿಕೆ ತೋಟದ ಪಕ್ಕ. ಹೊಸ ಕೋಣೆಯ ಬಾಗಿಲಿನ ಲಾಕ್ ಸ್ವಲ್ಪ ಬಿಗಿಯಾದಾಗ, ಹಿಂದಿನಿಂದ ಮಾಡಿಕೊಂಡು ಬಂದ ಹಾಗೆ, ಕೀಲಿ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ವಾರ ಚೆನ್ನಾಗಿತ್ತು. ಮಾರ್ಗಶಿರದ ಚಳಿ ಶುರುವಾದ ಮೇಲೆ ಬೆಳಗಿನ ಹೊತ್ತು ಕೀಲಿ ಅರ್ಧಕ್ಕೇ ನಿಲ್ಲತೊಡಗಿತು, ಬಿಸಿಲೇರಿದ ಮೇಲೆ ಮತ್ತೆ ಸರಿಹೋಗುತ್ತಿತ್ತು. ಕಾರಣ ಹೊಳೆಯಲು ತಿಂಗಳೇ ಬೇಕಾಯಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮಲ್ಲಿ ಚಳಿಗಾಲದ ಬೆಳಗು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಸ್ನಾನದ ಮನೆಯ ಬಾಟಲಿಯಲ್ಲಿ ದಿನವೂ ಕಾಣುವ ಸಂಗತಿ ಲಾಕಿನೊಳಗೂ ನಡೆಯುತ್ತದೆ ಎಂದು ತೋಚಲೇ ಇಲ್ಲ. ಲಾಕಿನಲ್ಲಿ ಕೀಲಿ ಹೋಗುವ ಸಿಲಿಂಡರನ್ನು ಬಿಚ್ಚಿ ನೋಡಿದರೆ ಒಳಗೆ ಹಳದಿ ಜಿಗುಟು, ಅದಕ್ಕೆ ಅಂಟಿದ ದೂಳು, ಸತ್ತ ಇರುವೆಗಳು. ದಯವಿಟ್ಟು ಯಾರೂ ಅಡುಗೆಮನೆಯ ಎಣ್ಣೆಯನ್ನು ಲಾಕಿಗೆ ಬಿಡಬೇಡಿ.

ಕೋಡಿಬಾಗ ನಿವಾಸಿ

ಇಂದು ಮಧ್ಯಾಹ್ನ ಮೂರಕ್ಕೆ ಪರೀಕ್ಷೆ ಮಾಡಿದೆ. ಬಾಗಿಲು ತೆರೆದಿದ್ದಾಗ ಲಾಕ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡಿತು. ಮುಚ್ಚಿದ ಕೂಡಲೇ ಕೀಲಿ ಮತ್ತೆ ಕಚ್ಚಿಕೊಂಡಿತು. ಆಗ ಕದವನ್ನು ಹಿಡಿಯ ಬದಿಯಿಂದ ಮೇಲಕ್ಕೆತ್ತಿ ಹಿಡಿದರೆ ಕೀಲಿ ತಿರುಗುತ್ತದೆ ಎಂಬುದನ್ನೂ ಗಮನಿಸಿದೆ. ಕೀಪ್ ತಗಡಿನ ಕೆಳ ಅಂಚಿನಲ್ಲಿ ಕೊಕ್ಕೆ ಉಜ್ಜಿ ಬೆಳ್ಳಗೆ ಹೊಳೆಯುವ ಗೆರೆ ಬಿದ್ದಿದೆ. ಆದರೆ ಬೆಳಿಗ್ಗೆ ಸರಿಯಿರುವ ಬಾಗಿಲು ಮಧ್ಯಾಹ್ನಕ್ಕೆ ಏಕೆ ಕೆಡುತ್ತದೆ?

ಕುಮಟಾ ಫಿಟ್ಟರ್

ನೀವು ಕಂಡ ಆ ಹೊಳೆಯುವ ಗೆರೆಯಲ್ಲೇ ಉತ್ತರದ ಅರ್ಧ ಇದೆ. ಕದ ಕೆಳಗಿಳಿದಿದೆ, ಕೊಕ್ಕೆ ತನ್ನ ಕಿಂಡಿಯ ಕೆಳ ಅಂಚಿಗೆ ತಾಗುತ್ತಿದೆ.

ಉಳಿದ ಅರ್ಧ ಬಿಸಿಲಿನದು. ಯುಪಿವಿಸಿ ಬಿಸಿಗೆ ಹಿಗ್ಗುವ ವಸ್ತು. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಏರಿದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ನಿಮ್ಮದು ಪಡುವಣ ಬಾಗಿಲು. 2.1 ಮೀಟರ್ ಎತ್ತರದ ಕದ ಬೆಳಗಿಗಿಂತ 25 ಡಿಗ್ರಿ ಹೆಚ್ಚು ಬಿಸಿಯಾದರೆ ಲೆಕ್ಕಕ್ಕೆ ಮೂರೂವರೆ ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ. ಒಳಗೆ ಕೂರಿಸಿದ ಉಕ್ಕಿನ ಪಟ್ಟಿ ಅದನ್ನು ಒಂದಷ್ಟು ತಡೆಯುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಜೊತೆಗೆ ಹೊರಮೈ ಕಾದು ಒಳಮೈ ತಂಪಾಗಿರುವುದರಿಂದ ಕದ ಸ್ವಲ್ಪ ಬಿಲ್ಲಿನಂತೆ ಬಾಗುತ್ತದೆ. ಹೊಸ ಬಾಗಿಲಿನಲ್ಲಿ ಈ ಎರಡಕ್ಕೂ ಅವಕಾಶ ಬಿಟ್ಟಿರುತ್ತಾರೆ. ಕದ ಜೋತುಬಿದ್ದು ಆ ಅವಕಾಶವನ್ನು ಆಗಲೇ ತಿಂದು ಹಾಕಿದ್ದರೆ ಬೆಳಿಗ್ಗೆ ಹೇಗೋ ಸಾಗುತ್ತದೆ, ಬಿಸಿಲಿಗೆ ಸಿಕ್ಕಿಬೀಳುತ್ತದೆ.

ಇನ್ನು ಜೋತುಬಿದ್ದದ್ದು ಏಕೆ ಎಂಬುದು. ಗಾಜಿನ ತೂಕ ಒಂದು ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ. 5 ಮಿ.ಮೀ.ನ ಎರಡು ಹಾಳೆಗಳು ಸೇರಿದರೆ ಚದರ ಮೀಟರಿಗೆ 25 ಕಿಲೋ. ನಿಮ್ಮ ಹಾಲ್‌ನ ಕಿಟಕಿಯ ಕದ 60 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರ ಎಂದಿಟ್ಟುಕೊಂಡರೆ ಗಾಜೇ 18 ಕಿಲೋ ತೂಗುತ್ತದೆ. ಒಂಟಿಗಾಜಿಗೆ ಸಾಕಾಗುವ ಬಿಜಾಗರಿಯನ್ನೇ ಜೋಡಿಗಾಜಿನ ಕದಕ್ಕೂ ಹಾಕಿ ಹೋದವರ ಕೆಲಸವನ್ನು ನಾನು ಈ ಕರಾವಳಿಯಲ್ಲಿ ಎಷ್ಟೋ ಕಡೆ ಬಿಚ್ಚಿದ್ದೇನೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ, ಏಕೆಂದರೆ ಎರಡು ಬಿಜಾಗರಿಗಳ ಬೆಲೆಯ ವ್ಯತ್ಯಾಸ ಇಡೀ ಕಿಟಕಿಯ ಬೆಲೆಯ ಮುಂದೆ ಏನೂ ಅಲ್ಲ.

ತೂಕವನ್ನು ಹೊರಬೇಕಾದದ್ದು ಬಿಜಾಗರಿ ಮಾತ್ರ ಅಲ್ಲ, ಗಾಜೂ ಹೌದು. ಗಾಜಿನ ಕೆಳಗೆ ಬಿಜಾಗರಿಯ ಬದಿಯ ಮೂಲೆಯಲ್ಲಿ ಪ್ಯಾಕರ್ ಎಂಬ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇಟ್ಟು, ಅದರ ಎದುರು ಮೂಲೆಯಲ್ಲಿ, ಅಂದರೆ ಹಿಡಿಯ ಬದಿಯ ಮೇಲ್ಮೂಲೆಯಲ್ಲಿ, ಇನ್ನೊಂದು ಪ್ಯಾಕರ್ ಬಿಗಿಯಾಗಿ ಕೂರಿಸಿದರೆ ಗಾಜು ಓರೆಯಾಗಿ ನಿಂತ ಊರೆಗೋಲಿನಂತೆ ಕದವನ್ನು ಚೌಕವಾಗಿ ಹಿಡಿದಿಡುತ್ತದೆ. ಈ ಪ್ಯಾಕರ್‌ಗಳು ಸರಿದರೆ, ಅಥವಾ ಮೊದಲೇ ಇಡದಿದ್ದರೆ, ಕದ ಸಮಾಂತರ ಚತುರ್ಭುಜವಾಗಿ ವಾಲುತ್ತದೆ. ಸರಿಪಡಿಸಲು ಗಾಜನ್ನು ಹಿಡಿದಿಡುವ ಒಳಬದಿಯ ಬೀಡಿಂಗ್ ಪಟ್ಟಿಗಳನ್ನು ತೆಗೆಯಬೇಕು. ಉದ್ದದ ಪಟ್ಟಿಯ ನಡುಭಾಗದಿಂದ ತೆಳುವಾದ ಪಟ್ಟಿಕತ್ತಿಯಲ್ಲಿ ಎಬ್ಬಿಸಲು ಶುರುಮಾಡಿ. ಮರಳಿ ಹಾಕುವಾಗ ಗಿಡ್ಡ ಪಟ್ಟಿಗಳು ಮೊದಲು. ಯಾವ ಪಟ್ಟಿ ಎಲ್ಲಿಯದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಇನ್ನೊಬ್ಬರು ಗಾಜಿಗೆ ಕೈ ಕೊಟ್ಟು ನಿಂತಿರಲಿ. ಒಬ್ಬರೇ ಈ ಕೆಲಸಕ್ಕೆ ಕೈ ಹಾಕಬೇಡಿ.

ಬಾಗಿಲಿಗೆ ಅಷ್ಟೆಲ್ಲ ಬೇಕಾಗದೆಯೂ ಹೋಗಬಹುದು. ಅದರ ಬಿಜಾಗರಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಆರು ಮೂಲೆಯ ಅಲೆನ್ ಕೀಲಿ ಹಿಡಿಸುವ ಸ್ಕ್ರೂಗಳು ಕಾಣುತ್ತವೆಯೇ ನೋಡಿ. ಕಂಡರೆ ಒಂದು ಎತ್ತರಕ್ಕೆ, ಒಂದು ಅಕ್ಕಪಕ್ಕಕ್ಕೆ. ಕಾಲು ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ಕಾಲು ಸುತ್ತು. ಎಲ್ಲ ಬಿಜಾಗರಿಗಳಿಗೂ ಒಂದೇ ಪ್ರಮಾಣದಲ್ಲಿ ಎತ್ತರ ಕೊಡಬೇಕು. ಇಲ್ಲವಾದರೆ ಭಾರವೆಲ್ಲ ಒಂದರ ಮೇಲೇ ಬೀಳುತ್ತದೆ.

ಅಂಕೋಲಾ ಬಡಗಿ

ಇಷ್ಟೆಲ್ಲ ಕಸರತ್ತು ಏಕೆ ಎಂಬುದು ನನ್ನ ಪ್ರಶ್ನೆ. ಸಾಗವಾನಿ ಬಾಗಿಲು ಮಳೆಗಾಲಕ್ಕೆ ಉಬ್ಬಿದರೆ ಒಂದು ಹದ ಕೀಸುಳಿ ಹೊಡೆಯುತ್ತೇವೆ, ಸರಿಹೋಗುತ್ತದೆ. ಇಲ್ಲಿಯೂ ಕೀಪ್ ತಗಡಿನ ಕಿಂಡಿಯನ್ನು ಅರದಿಂದ ಎರಡು ಮಿ.ಮೀ. ಉಜ್ಜಿ ಅಗಲ ಮಾಡಿದರೆ ಕೊಕ್ಕೆ ತಾನಾಗಿ ಕೂರುವುದಿಲ್ಲವೇ?

ಕುಮಟಾ ಫಿಟ್ಟರ್

ನಿಮ್ಮ ಕೈಗೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಇಲ್ಲಿ ಒಪ್ಪಲಾರೆ. ಮರ ತೇವಕ್ಕೆ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಜೋತುಬಿದ್ದ ಯುಪಿವಿಸಿ ಕದ ಮರಳಿ ಮೇಲೇಳುವುದಿಲ್ಲ, ವರ್ಷಕ್ಕಿಷ್ಟು ಇಳಿಯುತ್ತಲೇ ಹೋಗುತ್ತದೆ. ಇಂದು ಎರಡು ಮಿ.ಮೀ. ಉಜ್ಜಿದರೆ ಮುಂದಿನ ವರ್ಷ ಮತ್ತೆ ಎರಡು. ಅಷ್ಟರಲ್ಲಿ ಮೇಲಿನ ಅಂಚಿನ ರಬ್ಬರ್ ಗಾಸ್ಕೆಟ್ ಚೌಕಟ್ಟಿಗೆ ಒತ್ತುವುದನ್ನೇ ಬಿಟ್ಟಿರುತ್ತದೆ. ಆಮೇಲೆ ನೈಋತ್ಯದ ಗಾಳಿಗೆ ಮಳೆನೀರು ನೇರ ಒಳಕ್ಕೆ. ಅದೂ ಅಲ್ಲದೆ ಕೀಪ್ ಸತುವಿನ ಲೇಪ ಕೊಟ್ಟ ಉಕ್ಕು. ಅರ ಮುಟ್ಟಿದಲ್ಲೆಲ್ಲ ಲೇಪ ಹೋಗಿ, ಕಾರವಾರದ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಕೆಂಪು ತುಕ್ಕು ಹಿಡಿಯುತ್ತದೆ. ಕೀಪ್‌ಗಳ ಸ್ಕ್ರೂ ಸಡಿಲಿಸಿ ಸರಿಸಲು ಸಾಮಾನ್ಯವಾಗಿ ಉದ್ದನೆಯ ತೂತುಗಳೇ ಇರುತ್ತವೆ. ಕದವನ್ನು ಎತ್ತಿದ ನಂತರ, ಕೊನೆಯ ಒಂದು ಮಿ.ಮೀ. ಸರಿಹೊಂದಿಸಲು ಅದನ್ನು ಬಳಸಬೇಕು.

ಅಂಕೋಲಾ ಬಡಗಿ

ಗಾಸ್ಕೆಟ್ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಸದಾಶಿವಗಡ ಶಿಕ್ಷಕಿ

ಉಪ್ಪುಗಾಳಿಯ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಿಟಕಿಗಳ ಬಿಜಾಗರಿ ಸ್ಟೇನ್‌ಲೆಸ್ ಸ್ಟೀಲ್ ಎಂದೇ ಹೇಳಿ ಕೊಟ್ಟಿದ್ದರು, ಅಯಸ್ಕಾಂತ ಹಿಡಿದು ಅಂಟುವುದಿಲ್ಲ ಎಂದು ತೋರಿಸಿಯೂ ಕೊಟ್ಟರು. ಆದರೂ ಎರಡನೇ ವರ್ಷಕ್ಕೆ ಚಹಾ ಚೆಲ್ಲಿದ ಕಲೆಯಂತೆ ಕಂದು ಚುಕ್ಕೆಗಳು ಎದ್ದಿವೆ. ಮೋಸ ಹೋದೆವೇ?

ಕುಮಟಾ ಫಿಟ್ಟರ್

ಮೋಸ ಎನ್ನಲು ಆಗದು, ಆದರೆ ಅಯಸ್ಕಾಂತದ ಪರೀಕ್ಷೆ ನಿಮಗೆ ಬೇಕಾದ ಉತ್ತರ ಕೊಡುವುದಿಲ್ಲ. 304 ಮತ್ತು 316 ಎಂಬ ಎರಡೂ ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಬಹುಪಾಲು ಅಂಟುವುದಿಲ್ಲ, ಕಡಿಮೆ ನಿಕ್ಕಲ್ ಇರುವ ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. ವ್ಯತ್ಯಾಸ ಇರುವುದು ಒಳಗಿನ ಮಿಶ್ರಣದಲ್ಲಿ. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿನ ಕ್ಲೋರೈಡ್ ಚುಚ್ಚಿ ಗುಂಡಿ ಮಾಡುವುದನ್ನು ತಡೆಯುವುದು ಅದೇ. ಶಿರಸಿಗೆ 304 ಸಾಕು. ಅಲೆಯ ಸದ್ದು ಕೇಳುವ ಮನೆಗೆ 316 ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸ್ಕ್ರೂಗಳೂ ಅದೇ ದರ್ಜೆಯವಾಗಿರಲಿ. ಒಳ್ಳೆಯ ಬಿಜಾಗರಿಗೆ ಸಾಮಾನ್ಯ ಸ್ಕ್ರೂ ಹಾಕಿದರೆ ಸ್ಕ್ರೂ ಮೊದಲು ಕರಗಿ ಕದ ಕಳಚುತ್ತದೆ.

ನಿಮ್ಮ ಕಂದು ಕಲೆಗಳು ಸದ್ಯ ಮೇಲ್ಮೈಯವು. ಸಿಹಿನೀರು, ಸೌಮ್ಯ ಸೋಪು, ಮೆತ್ತಗಿನ ಬಟ್ಟೆ ಸಾಕು. ತಂತಿಯ ಉಜ್ಜುಗ ಮುಟ್ಟಿಸಬೇಡಿ, ಅದರ ಕಬ್ಬಿಣದ ಎಳೆಗಳು ಅಲ್ಲೇ ಉಳಿದು ಹೊಸ ತುಕ್ಕಿಗೆ ಬೀಜವಾಗುತ್ತವೆ. ಮಳೆಗಾಲದಲ್ಲಿ ಮಳೆಯೇ ಹೊರಗಿನ ಉಪ್ಪನ್ನು ತೊಳೆಯುತ್ತದೆ. ನಮ್ಮ ಕಡೆ ಜಾಸ್ತಿ ಹಾನಿ ಆಗುವುದು ಮಳೆ ನಿಂತ ನಂತರ, ದೀಪಾವಳಿಯಿಂದ ಯುಗಾದಿಯವರೆಗೆ, ಉಪ್ಪು ಕೂತೇ ಇರುವಾಗ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಪೆಟ್ರೋಲಿಯಂ ಗ್ರೀಸ್ ರಬ್ಬರಿಗೆ ತಾಗದಿರಲಿ. ಕಪ್ಪು ಗಾಸ್ಕೆಟ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್, ಅದು ಆ ಬಗೆಯ ಎಣ್ಣೆಗೆ ಊದಿಕೊಳ್ಳುತ್ತದೆ. ಕೀಲಿ ತೂತಿಗೆ ಪೆನ್ಸಿಲ್ ಪುಡಿ ಹಾಕುವವರಿದ್ದಾರೆ. ಒಣ ಊರಿಗೆ ಅದು ಸರಿ, ಇಲ್ಲಿನ ತೇವದಲ್ಲಿ ಅದು ಮುದ್ದೆಯಾಗುತ್ತದೆ. ಟೆಫ್ಲಾನ್ ಇರುವ ಒಣ ಸ್ಪ್ರೇ ಉತ್ತಮ.

ಕೋಡಿಬಾಗ ನಿವಾಸಿ

ಬಾಗಿಲಿನ ಬಿಜಾಗರಿಯನ್ನು ಕಾಲು ಕಾಲು ಸುತ್ತಿನಂತೆ ಒಟ್ಟು ಒಂದು ಸುತ್ತು ಎತ್ತಿದೆವು. ಮೂರು ದಿನದಿಂದ ಮಧ್ಯಾಹ್ನವೂ ಲಾಕ್ ಬೀಳುತ್ತಿದೆ. ಈಗ ಅಮ್ಮನ ಕೋಣೆಯ ಕಿಟಕಿಯ ಚಿಂತೆ. ಹಿಡಿ ತಿರುಗುತ್ತದೆ, ಕದ ಜಪ್ಪಯ್ಯ ಎಂದರೂ ತೆರೆಯುವುದಿಲ್ಲ.

ಕುಮಟಾ ಫಿಟ್ಟರ್

ಸುಮ್ಮನೆ ತಿರುಗುವ ಹಿಡಿಗೆ ಎರಡು ಕಾರಣಗಳಿರಬಹುದು. ಹಿಡಿಯ ಬುಡದ ಮುಚ್ಚಳವನ್ನು ಪಕ್ಕಕ್ಕೆ ತಿರುಗಿಸಿ, ಎರಡು ಸ್ಕ್ರೂ ಬಿಚ್ಚಿ ಹಿಡಿಯನ್ನು ಹೊರತೆಗೆಯಿರಿ. ಹಿಂಬದಿಯಲ್ಲಿ 7 ಮಿ.ಮೀ. ಚೌಕದ ಕಂಬಿ ಇರುತ್ತದೆ. ಕಂಬಿಯೇ ಹಿಡಿಯೊಳಗೆ ಸಡಿಲವಾಗಿ ಗಿರಗಿರ ತಿರುಗಿದರೆ ಕೆಟ್ಟದ್ದು ಹಿಡಿ ಮಾತ್ರ. ಹೊಸ ಹಿಡಿಗೆ ಸ್ಕ್ರೂ ತೂತುಗಳ ನಡುವಿನ ಅಂತರ, ಬಹುಪಾಲು 43 ಮಿ.ಮೀ., ಮತ್ತು ಕಂಬಿಯ ಉದ್ದ ಇವೆರಡನ್ನು ಅಳೆದುಕೊಂಡರೆ ಸಾಕು. ಕಂಬಿ ಗಟ್ಟಿಯಾಗಿದ್ದರೆ ಒಳಗಿನ ಗೇರ್‌ಬಾಕ್ಸ್ ಬಿರಿದಿದೆ. ಆಗ ಚೌಕದ ಕಂಬಿಯನ್ನು ಮಾತ್ರ ತೂತಿಗೆ ಪೂರ್ತಿ ಒಳಗೆ ತಳ್ಳಿ, ಇಕ್ಕಳದಲ್ಲಿ ಹಿಡಿದು, ಕದವನ್ನು ಒಳಕ್ಕೆ ಎಳೆದುಕೊಂಡು ಗಾಸ್ಕೆಟ್‌ನ ಒತ್ತಡ ಬದಲಿಸುತ್ತ ನಿಧಾನವಾಗಿ ತಿರುಗಿಸಿ ನೋಡಿ. ಒಡೆದ ಗೇರ್ ಸಹ ಕೆಲವೊಮ್ಮೆ ಕೊನೆಯ ಬಾರಿಗೆ ಕಚ್ಚಿಕೊಳ್ಳುತ್ತದೆ. ಅದೂ ಆಗದಿದ್ದರೆ ಬೀಡಿಂಗ್ ತೆಗೆದು ಗಾಜಿಳಿಸಿ ಒಳಗಿನಿಂದ ಬಿಚ್ಚುವುದೇ ದಾರಿ, ಅದಕ್ಕೆ ಕೆಲಸ ಬಲ್ಲವರನ್ನು ಕರೆಯಿರಿ. ಮೀಟಿದರೆ ಚೌಕಟ್ಟಿನ ಬೆಸುಗೆ ಹಾಕಿದ ಮೂಲೆಯೇ ಬಿರಿಯುತ್ತದೆ.

ಕದ ತೆರೆದ ಮೇಲೆ ಅಂಚಿನಲ್ಲಿರುವ ಉದ್ದನೆಯ ಎಸ್ಪ್ಯಾಗ್ ಪಟ್ಟಿಯನ್ನು, ಅಂದರೆ ಹಿಡಿ ತಿರುಗಿಸಿದಾಗ ಸರಿದು ಕಿಟಕಿಯನ್ನು ಲಾಕ್ ಮಾಡುವ ಪಟ್ಟಿಯನ್ನು, ಗೇರ್‌ಬಾಕ್ಸ್ ಸಮೇತ ತೆಗೆದು ಜೊತೆಯಲ್ಲೇ ಅಂಗಡಿಗೆ ಒಯ್ಯಿರಿ, ಹುಬ್ಬಳ್ಳಿಯಾದರೂ ಸರಿ, ಮಡಗಾಂವ್ ಆದರೂ ಸರಿ. ಪಟ್ಟಿಯ ಉದ್ದ, ಪಟ್ಟಿಯ ಮೇಲ್ಮೈಯಿಂದ ಕಂಬಿಯ ತೂತಿನ ನಡುವಿಗೆ ಇರುವ ಬ್ಯಾಕ್‌ಸೆಟ್ ಅಂತರ, ಕೀಪ್‌ಗಳಿಗೆ ಸಿಕ್ಕಿಕೊಳ್ಳುವ ಉರುಟು ಗುಂಡಿಗಳು ಪಟ್ಟಿಯ ಮೇಲೆ ಇರುವ ಜಾಗ ಇವು ಹೊಂದಬೇಕು. ಬ್ರ್ಯಾಂಡ್ ಒಂದೇ ಆಗಬೇಕೆಂದಿಲ್ಲ.

ಕೋಡಿಬಾಗ ನಿವಾಸಿ

ಕೆಲಸ ಆಯಿತು. ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ.

ಕಂಬಿಯನ್ನು ಇಕ್ಕಳದಲ್ಲಿ ಹಿಡಿದು ಐದಾರು ಬಾರಿ ತಿರುಗಿಸಿದ ಮೇಲೆ ಒಂದು ಸಲ ಕಟಕ್ ಎಂದು ಕದ ಬಿಟ್ಟುಕೊಟ್ಟಿತು. ಗೇರ್‌ಬಾಕ್ಸ್ ಹೊರಗೆ ಬಂದಾಗ ಅದರ ಕೆಳಗಿನ ಅರ್ಧ ತುಕ್ಕಿನಿಂದ ಊದಿತ್ತು, ಮೇಲಿನ ಅರ್ಧ ಹೊಸದರಂತೆಯೇ ಇತ್ತು. ಇದೇಕೆ ಹೀಗೆ ಎಂದು ಕೆಳ ಚೌಕಟ್ಟಿನ ತೋಡನ್ನು ನೋಡಿದರೆ, ಅಲ್ಲಿ ಮಳೆನೀರು ನಿಂತ ಗುರುತು, ಕಂದು ಕೆಸರಿನ ಪದರ. ಹೊರಬದಿಯಲ್ಲಿ ನೀರು ಹರಿದುಹೋಗಲು ಬಿಟ್ಟ ಎರಡು ಸೀಳು ಕಿಂಡಿಗಳಿವೆ. ಎರಡನ್ನೂ ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿಬಿಟ್ಟಿತ್ತು. ಹಲ್ಲುಕಡ್ಡಿಯಲ್ಲಿ ಕೆದಕಿದರೆ ಒಣಗಿದ ಮಣ್ಣಿನ ಕೊಳವೆ ಇಡಿಯಾಗಿ ಹೊರಬಂತು, ಒಳಗೆ ಹುಳ ತಂದಿಟ್ಟ ನಾಲ್ಕು ಸಣ್ಣ ಜೇಡಗಳು. ಹೊರಗೆ ಹೋಗಬೇಕಾದ ನೀರು ತೋಡಿನಲ್ಲಿ ತುಂಬಿ, ಕದದ ಕೆಳಭಾಗ ನೆನೆದು, ಲಾಕಿನೊಳಗೆ ಸೇರಿದೆ. ಮೂರು ಮಳೆಗಾಲವಾದರೂ ಹೀಗೆ ನಡೆದಿರಬೇಕು.

ಹಾಲ್‌ನ ಕಿಟಕಿಗೆ ಹೊಸ ಫ್ರಿಕ್ಷನ್ ಸ್ಟೇ, ಅಂದರೆ ಕದವನ್ನು ಹೊರುವ ಮಡಚುವ ಬಿಜಾಗರಿ, ತರುವಾಗ ಒಂದು ತಪ್ಪಾಯಿತು. ಉದ್ದ ಮಾತ್ರ ಅಳೆದುಕೊಂಡು ಹೋಗಿದ್ದೆ. ಮಡಚಿದಾಗ ಅದರ ದಪ್ಪ 13 ಮತ್ತು 17 ಮಿ.ಮೀ. ಎಂದು ಎರಡು ಬಗೆ ಇರುತ್ತದೆ ಎಂಬುದು ಗೊತ್ತಿರಲಿಲ್ಲ. ನಮ್ಮದು 17. ತಂದ 13ರದನ್ನು ಹಾಕಿದರೆ ಕದ ಎತ್ತರಕ್ಕೆ ಕೂರದೆ ಮೇಲೊಂದು ಸಂದು ಉಳಿಯಿತು, ಮರುದಿನ ಬದಲಿಸಿ ತಂದೆ. ಹಳೆಯ ಸ್ಕ್ರೂ ತೂತುಗಳು ಎರಡು ಕಡೆ ಸವೆದಿದ್ದವು, ಫಿಟ್ಟರ್ ಅವರು ಫೋನಿನಲ್ಲಿ ಹೇಳಿದಂತೆ ಒಳಗಿನ ಉಕ್ಕಿನ ಪಟ್ಟಿಯನ್ನು ಹಿಡಿಯುವಷ್ಟು ಉದ್ದದ, ಒಂದು ಅಳತೆ ದಪ್ಪದ ಸ್ಕ್ರೂ ಹಾಕಿದೆವು. ಒಟ್ಟು ಖರ್ಚು ನಮಗೆ ಮೊದಲು ಹೇಳಿದ್ದ ಮೊತ್ತದ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಹೊನ್ನಾವರ ಓದುಗ

ಇಲ್ಲಿಯವರೆಗಿನದನ್ನೆಲ್ಲ ಓದಿದೆ, ತುಂಬ ಉಪಕಾರವಾಯಿತು. ನಮ್ಮಲ್ಲಿ ಲಾಕು, ಹಿಡಿ ಎಲ್ಲ ಸರಿಯಿವೆ, ಆದರೆ ಎರಡು ಗಾಜುಗಳ ನಡುವೆ ಮಂಜು ಕೂತಿದೆ, ಒರೆಸಲು ಬರುವುದಿಲ್ಲ. ಇದಕ್ಕೂ ಬಿಜಾಗರಿಗೂ ಸಂಬಂಧ ಇದೆಯೇ?

ಕುಮಟಾ ಫಿಟ್ಟರ್

ಇರಬಹುದು. ಗಾಜುಗಳ ನಡುವಿನ ಅಂಚುಪಟ್ಟಿಯಲ್ಲಿ ತೇವ ಹೀರುವ ಹರಳುಗಳಿರುತ್ತವೆ, ಸುತ್ತಲೂ ಅಂಟಿನ ಮುದ್ರೆ ಇರುತ್ತದೆ. ಗಾಜಿನ ಕೆಳ ಅಂಚು ಸದಾ ನೀರಿನಲ್ಲಿ ನೆನೆದರೆ, ಅಥವಾ ಜೋತುಬಿದ್ದ ಕದ ಅದನ್ನು ಹಿಂಡುತ್ತಿದ್ದರೆ, ಮುದ್ರೆ ಬಿಡುತ್ತದೆ. ಒಮ್ಮೆ ಒಳಗೆ ಮಂಜು ಕಂಡಿತೆಂದರೆ ಹರಳುಗಳು ತುಂಬಿಹೋಗಿವೆ, ಆ ಗಾಜಿನ ಜೋಡಿಯನ್ನು ಬದಲಿಸಲೇಬೇಕು. ಚೌಕಟ್ಟನ್ನಲ್ಲ, ಗಾಜನ್ನು ಮಾತ್ರ. ಆದರೆ ಮೊದಲು ನೀರಿನ ಕಿಂಡಿ ಬಿಡಿಸಿ, ಕದವನ್ನು ಚೌಕಕ್ಕೆ ತನ್ನಿ, ನಂತರ ಗಾಜಿಗೆ ಅಳತೆ ಕೊಡಿ. ಒಳತೋಡಿನ ಅಳತೆಗಿಂತ ಪ್ರತಿ ಬದಿಗೂ ಸುಮಾರು 5 ಮಿ.ಮೀ. ಕಡಿಮೆ ಇರಲಿ, ಪ್ಯಾಕರ್ ಕೂರಲು ಆ ಜಾಗ ಬೇಕು. ಎರಡು ಗಾಜು ಮತ್ತು ನಡುವಿನ ಅಂತರ ಸೇರಿ ಒಟ್ಟು ದಪ್ಪ ಎಷ್ಟು ಎಂಬುದನ್ನು ಹಳೆಯ ಗಾಜಿನ ಅಂಚಿನಲ್ಲೇ ಅಳೆದು ಬರೆದುಕೊಳ್ಳಿ. ಅದು ಒಂದೆರಡು ಮಿ.ಮೀ. ಹೆಚ್ಚಾದರೂ ಬೀಡಿಂಗ್ ಪಟ್ಟಿ ಮರಳಿ ಕೂರುವುದಿಲ್ಲ.